ಗೃಹಗೋಸುಂಬಾ ನಿರ್ಣಯ

ಶಾಸ್ತ್ರಗ್ರಂಥವನ್ನು ಆರಂಭಿಸುವ ಮುನ್ನ ಅದರ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು, ಅಂದರೆ ಅನುಬಂಧ ಚತುಷ್ಟಯವನ್ನು, ಸ್ಪಷ್ಟಪಡಿಸಬೇಕೆಂಬುದು ಹಿಂದಿನವರು ಹಾಕಿಕೊಟ್ಟ ಕ್ರಮವಾದುದರಿಂದ, ಮನೆಯಲ್ಲಿ ಸಾಕಲು ಯಾವ ಪ್ರಭೇದದ ಗೋಸುಂಬೆ ತಕ್ಕದ್ದು ಎಂಬ ಈ ಗಹನ ವಿಚಾರಕ್ಕೂ ಅದೇ ಕ್ರಮ ಸಲ್ಲುತ್ತದೆ. ಇಲ್ಲಿ ವಿಷಯವೆಂದರೆ ಗೋಸುಂಬೆ. ಪ್ರಯೋಜನವೆಂದರೆ ನೆರೆಮನೆಯವರಲ್ಲಿ ಇಲ್ಲದ್ದೊಂದು ತನ್ನಲ್ಲಿದೆ ಎಂಬ ಸಮಾಧಾನ. ಅಧಿಕಾರಿಯೆಂದರೆ ಪಂಜರ, ದೀಪ, ನೀರು ಸಿಂಪಡಿಸುವ ಯಂತ್ರ ಮತ್ತು ಪಶುವೈದ್ಯರ ಶುಲ್ಕ ಇವಿಷ್ಟನ್ನೂ ಭರಿಸಬಲ್ಲವನೂ, ಹೆಂಡತಿಯ ಒಪ್ಪಿಗೆಯನ್ನು ಸಾಕ್ಷಿಗಳ ಸಮಕ್ಷಮದಲ್ಲಿ ಪಡೆದವನೂ ಆದ ಗೃಹಸ್ಥ. ಉಳಿದದ್ದು ಸಂಬಂಧ. ಗೋಸುಂಬೆಗೂ ತನಗೂ ಗಾಢವಾದ ಸಂಬಂಧವಿದೆಯೆಂದು ಸಾಕುವವರೆಲ್ಲ ಹೇಳುತ್ತಾರಾದರೂ, ಗೋಸುಂಬೆಯ ಕಡೆಯಿಂದ ಇದಕ್ಕೆ ಯಾವ ಪುರಾವೆಯೂ ಒದಗಿಲ್ಲ.

ಮೊದಲಿಗೆ ಲಕ್ಷಣವನ್ನು ಹೇಳಬೇಕು. ಬಣ್ಣ ಬದಲಾಯಿಸುವ ಪ್ರಾಣಿಯೇ ಗೋಸುಂಬೆ ಎಂದುಬಿಟ್ಟರೆ, ಬೆದೆಯ ಕಾಲದಲ್ಲಿ ಕತ್ತು ಕೆಂಪೇರಿಸಿಕೊಳ್ಳುವ ಬೇಲಿಯ ಓತಿಕ್ಯಾತವೂ, ಶಾಸನಸಭೆಗಳ ಕೆಲವು ಸದಸ್ಯರೂ ಅದರೊಳಗೆ ಸೇರಿಹೋಗಿ ಅತಿವ್ಯಾಪ್ತಿ, ಅಂದರೆ ಲಕ್ಷಣವು ಲಕ್ಷ್ಯವನ್ನು ಮೀರಿ ಹರಡುವ ದೋಷ, ಉಂಟಾಗುತ್ತದೆ. ಸದಸ್ಯರಿಗೆ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿ ಅನ್ವಯಿಸುತ್ತದೆ, ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅಲ್ಲದೆ ಮೊದಲಿನವರನ್ನು ಇರಿಸುವುದು ಪಂಜರದಲ್ಲಲ್ಲ, ರೆಸಾರ್ಟಿನಲ್ಲಿ. ಆದಕಾರಣ ಒಂದರ ಹಂಗಿಲ್ಲದೆ ಇನ್ನೊಂದು ತಿರುಗುವ ಎರಡು ಕಣ್ಣುಗಳು, ಎರಡು ಮತ್ತು ಮೂರರ ಗುಂಪಾಗಿ ಕೂಡಿಕೊಂಡು ಕೊಂಬೆಯನ್ನು ಇಕ್ಕಳದಂತೆ ಹಿಡಿಯುವ ಬೆರಳುಗಳು, ಮೈಯ ಉದ್ದವನ್ನೂ ಮೀರಿ ಚಿಮ್ಮುವ ನಾಲಗೆ, ಈ ಮೂರೂ ಒಟ್ಟಿಗೆ ಇರುವುದೇ ಗೋಸುಂಬೆ ಎಂಬುದು ನಿರ್ದುಷ್ಟ ಲಕ್ಷಣ. ಇಂಥವು ಲೋಕದಲ್ಲಿ 200ಕ್ಕೂ ಹೆಚ್ಚು ಪ್ರಭೇದಗಳಿದ್ದು, ಸುಮಾರು ಅರ್ಧದಷ್ಟು ಮಡಗಾಸ್ಕರ್ ದ್ವೀಪವೊಂದರಲ್ಲೇ ಇವೆ.

ಈಗ ಅಧಿಕಾರಿಯ ವಿಚಾರವನ್ನು ಇನ್ನಷ್ಟು ಬಿಗಿಗೊಳಿಸಬೇಕಾಗುತ್ತದೆ. ಕರ್ನಾಟಕದ ಕುರುಚಲು ಕಾಡುಗಳಲ್ಲಿ ನಿಧಾನವಾಗಿ ತೂಗಾಡುತ್ತ ನಡೆಯುವ ಭಾರತೀಯ ಗೋಸುಂಬೆಯನ್ನು ಹಿಡಿಯುವುದಕ್ಕೂ ಸಾಕುವುದಕ್ಕೂ ಮೇಲೆ ಹೇಳಿದ ಕಾಯ್ದೆ ಅವಕಾಶ ಕೊಡುವುದಿಲ್ಲವಾದ್ದರಿಂದ ಅದು ಈ ಗ್ರಂಥದ ವ್ಯಾಪ್ತಿಗೆ ಹೊರಗು. ಅದನ್ನು ಮರದ ಮೇಲೆಯೇ ನೋಡಿ ಆನಂದಿಸತಕ್ಕದ್ದು. ಹೀಗಾಗಿ ಇಲ್ಲಿನ ಮುಖ್ಯ ಅಧಿಕಾರಿ, ಕಾನೂನು ಒಪ್ಪುವ ಅಮೆರಿಕದಂಥ ದೇಶದಲ್ಲಿ ನೆಲೆಸಿ, ನಾಯಿಗೆ ಸಮಯವಿಲ್ಲ, ಬೆಕ್ಕಿನ ಕೂದಲು ಆಗಿಬರದು, ಮೀನು ಎಲ್ಲರ ಮನೆಯಲ್ಲೂ ಇದೆ ಎಂದು ನಿಶ್ಚಯಿಸಿ ಅಂಗಡಿಗೆ ಹೊರಟ ಕನ್ನಡ ಗೃಹಸ್ಥ. ಊರಿನಲ್ಲಿರುವ ಆತನ ಬಂಧುಗಳಿಗೆ ವಿಡಿಯೋ ಕರೆಯ ಮೂಲಕ ಪರೋಕ್ಷ ಅಧಿಕಾರ ಮಾತ್ರ ಉಂಟು.

ಇಲ್ಲಿ ಪೂರ್ವಪಕ್ಷಿಗಳು, ಅಂದರೆ ಖಂಡಿಸಲೆಂದೇ ಮೊದಲು ಮಾತಾಡಗೊಡಬೇಕಾದವರು, ಮೂರು ವಾದಗಳನ್ನು ಮುಂದಿಡುತ್ತಾರೆ. ಗೋಸುಂಬೆ ಗಾಳಿಯನ್ನೇ ಉಂಡು ಬದುಕುತ್ತದೆ ಎಂಬುದು ಒಂದನೆಯದು. ಮೊದಲನೆಯ ಶತಮಾನದ ರೋಮನ್ ವಿದ್ವಾಂಸ ಪ್ಲಿನಿ ಹೀಗೆಯೇ ಬರೆದಿರುವುದರಿಂದ ಈ ವಾದಕ್ಕೆ ಪ್ರಾಚೀನತೆಯ ಬಲವಿದೆ, ತಿಂಗಳ ಖರ್ಚಿನ ದೃಷ್ಟಿಯಿಂದ ಆಕರ್ಷಣೆಯೂ ಇದೆ. ಆದರೆ ಅದು ಪ್ರತ್ಯಕ್ಷ ವಿರುದ್ಧ. ಗೋಸುಂಬೆ ತಿನ್ನುವುದು ಜೀವಂತ ಹುಳುಗಳನ್ನು. ಮಿಡತೆಯ ಬಳಗದ ಚಿಮ್ಮಂಡೆಗಳನ್ನು ಡಬ್ಬಿಗಟ್ಟಲೆ ತಂದು, ಅವಕ್ಕೆ ಮೊದಲು ಕ್ಯಾರೆಟ್ಟು, ಸೊಪ್ಪು ತಿನ್ನಿಸಿ ಪುಷ್ಟಗೊಳಿಸಿ, ಮೈಗೆ ಕ್ಯಾಲ್ಸಿಯಂ ಪುಡಿ ಲೇಪಿಸಿ ಬಡಿಸಬೇಕು. ಈರುಳ್ಳಿ, ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆಯೊಂದು ಇದಕ್ಕೆ ಹೇಗೆ ಹೊಂದಿಕೊಳ್ಳುತ್ತದೆಂಬುದು ಧರ್ಮಸೂಕ್ಷ್ಮ. ಡಬ್ಬಿಯಿಂದ ತಪ್ಪಿಸಿಕೊಂಡ ಚಿಮ್ಮಂಡೆಗಳು ಅಡುಗೆಮನೆಯ ಕಪಾಟಿನ ಹಿಂದೆ ಸೇರಿ ರಾತ್ರಿಯಿಡೀ ಗಾನ ನಡೆಸುವುದರಿಂದ, ಬಾಣಂತನಕ್ಕೆಂದು ಊರಿನಿಂದ ಬಂದ ಅತ್ತೆಯವರಿಗೆ ವಿಷಯ ಬಹುಕಾಲ ತಿಳಿಯದಂತೆ ಇಡುವುದೂ ಸಾಧ್ಯವಿಲ್ಲ. ನೀರಿನ ಬಟ್ಟಲನ್ನು ಗೋಸುಂಬೆ ಸಾಮಾನ್ಯವಾಗಿ ಕಣ್ಣೆತ್ತಿಯೂ ನೋಡುವುದಿಲ್ಲ. ಎಲೆಯ ಮೇಲಿನ ಹನಿಯೇ ಅದಕ್ಕೆ ತೀರ್ಥವಾದ್ದರಿಂದ ಮನೆಯೊಳಗೆ ದಿನಕ್ಕೆ ಹಲವು ಸಲ ಮಳೆ ಬೀಳಿಸಬೇಕು.

ಸೋಫಾದ ಮೇಲಿಟ್ಟರೆ ಸೋಫಾದ ಬಣ್ಣ, ರೇಷ್ಮೆ ಸೀರೆಯ ಮೇಲಿಟ್ಟರೆ ಸೀರೆಯ ಬಣ್ಣ ತಾಳುತ್ತದೆ ಎಂಬುದು ಎರಡನೆಯ ವಾದ. ಇದನ್ನು ನಂಬಿ ಗೋಡೆಗೆ ಹೊಸ ಬಣ್ಣ ಬಳಿಸುವವರ ಹಿತಕ್ಕಾಗಿ ತುಸು ವಿಸ್ತರಿಸಬೇಕಾಗಿದೆ. ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ಯಾಂಥರ್ ಗೋಸುಂಬೆಯ ಚರ್ಮದ ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಜಾಲದಂತೆ ಜೋಡಣೆಗೊಂಡಿರುತ್ತವೆ. ಪ್ರಾಣಿ ಶಾಂತವಾಗಿದ್ದಾಗ ಹರಳುಗಳು ಒತ್ತೊತ್ತಾಗಿದ್ದು ನೀಲಿ ಬೆಳಕನ್ನು ಮರಳಿಸುತ್ತವೆ, ಅದು ಚರ್ಮದ ಹಳದಿಯೊಡನೆ ಬೆರೆತು ಹಸಿರಾಗಿ ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹೆಚ್ಚಿ, ಮರಳುವ ಬೆಳಕು ಹಳದಿ, ಕೆಂಪಿನತ್ತ ಸರಿಯುತ್ತದೆ. ಮೈ ಕಾಯಿಸಿಕೊಳ್ಳಬೇಕಾದಾಗ, ಹೆದರಿದಾಗ, ಕಾಯಿಲೆಯಾದಾಗ ಮೈ ಕಪ್ಪಿಡುವುದೂ ಉಂಟು. ಒಟ್ಟಿನಲ್ಲಿ ಬಣ್ಣವು ಸೋಫಾದ ವಿಚಾರವಾಗಿ ಏನನ್ನೂ ಹೇಳುವುದಿಲ್ಲ, ಸೋಫಾದಲ್ಲಿ ಕುಳಿತವನ ವಿಚಾರವಾಗಿ ಹೇಳುತ್ತದೆ. ಸಂಜೆ ಕಚೇರಿಯಿಂದ ಬಂದ ಗೃಹಸ್ಥನನ್ನು ಕಂಡೊಡನೆ ಗೋಸುಂಬೆ ಮೈ ಉಬ್ಬಿಸಿ ಕಪ್ಪಾದರೆ ಅದು ಅಭಿಪ್ರಾಯವೇ ಹೊರತು ಅಲಂಕಾರವಲ್ಲ. ಇಷ್ಟು ನೇರವಾಗಿ ಅಭಿಪ್ರಾಯ ತಿಳಿಸುವ ಪ್ರಾಣಿಯನ್ನು ಕಪಟಿಗಳಿಗೆ ಉಪಮಾನ ಮಾಡಿದ ಜನ ಅದನ್ನು ಹತ್ತಿರದಿಂದ ನೋಡಿರಲಾರರು.

ಎತ್ತಿ ಮುದ್ದಿಸಬಹುದು ಎಂಬುದು ಮೂರನೆಯ ವಾದ. ಇದಕ್ಕೆ ಪುರಾಣದ ಆಧಾರವನ್ನು ಕೊಡುವವರಿದ್ದಾರೆ. ದಾನ ಕೊಟ್ಟ ಹಸುವನ್ನೇ ತಿಳಿಯದೆ ಇನ್ನೊಬ್ಬನಿಗೂ ದಾನ ಕೊಟ್ಟ ನೃಗರಾಜನು ಕೃಕಲಾಸವಾಗಿ, ಅಂದರೆ ಓತಿ-ಗೋಸುಂಬೆಗಳ ವರ್ಗದ ಜೀವಿಯಾಗಿ, ಬಾವಿಯಲ್ಲಿ ಬಿದ್ದಿದ್ದಾಗ, ಯಾದವ ಕುಮಾರರು ಹಗ್ಗ ಹಾಕಿ ಎಳೆದರೂ ಮೇಲೆ ಬರಲಿಲ್ಲ. ಶ್ರೀಕೃಷ್ಣನು ಎಡಗೈಯಿಂದ ಎತ್ತಿದೊಡನೆ ಶಾಪವಿಮೋಚನೆಯಾಗಿ ತನ್ನ ಕಥೆಯನ್ನೆಲ್ಲ ಹೇಳಿದನೆಂದು ಭಾಗವತ ತಿಳಿಸುತ್ತದೆ. ಇದರಿಂದ ಸಿದ್ಧವಾಗುವುದು, ಎತ್ತುವವನು ಶ್ರೀಕೃಷ್ಣನಾಗಿರಬೇಕೆಂಬುದಷ್ಟೆ. ಇತರರು ಮತ್ತೆ ಮತ್ತೆ ಎತ್ತಿದರೆ ಗೋಸುಂಬೆಗೆ ಒತ್ತಡ ಹೆಚ್ಚಿ ಆರೋಗ್ಯ ಕೆಡುತ್ತದೆ, ಬಾಯಿ ತೆರೆದರೂ ಕಥೆ ಹೇಳಲಿಕ್ಕಲ್ಲ. ಸರಟ, ಅಂದರೆ ಇದೇ ವರ್ಗದ ಜೀವಿ, ಯಾವ ಅಂಗವನ್ನು ಏರಿದರೆ ಯಾವ ಫಲ ಎಂಬ ಪಟ್ಟಿ ಪಂಚಾಂಗಗಳಲ್ಲಿದೆಯಾದರೂ, ಅದನ್ನು ದಿನವೂ ಭುಜದ ಮೇಲೆ ಹೊತ್ತು ಫೋಟೋ ತೆಗೆಸಿಕೊಳ್ಳುವವನಿಗೆ ಫಲವನ್ನು ದಿನಗೂಲಿಯಂತೆ ಲೆಕ್ಕ ಹಾಕಬೇಕೋ, ಮೊದಲ ದಿನದ್ದೇ ಸಾಕೋ ಎಂಬುದನ್ನು ಪಂಚಾಂಗಕರ್ತರು ನಿರ್ಣಯಿಸಿಲ್ಲ.

ಪೂರ್ವಪಕ್ಷವು ಹೀಗೆ ನಿರಸನಗೊಂಡ ಬಳಿಕ ಸಾಲಾವಳಿಗೆ ಬರಬಹುದು. ವಧೂವರರ ಜಾತಕಗಳನ್ನು ಕೂಡಿಸಿ ನೋಡುವಂತೆ ಇಲ್ಲಿ ಮನೆಯ ಜಾತಕವನ್ನೂ ಪ್ರಭೇದದ ಜಾತಕವನ್ನೂ ಕೂಡಿಸಿ ನೋಡಬೇಕು, ಮತ್ತು ಉಪೇಕ್ಷಾಸಹಿಷ್ಣುತೆ, ಅಂದರೆ ತಾನು ಸಾಕಿದ ಪ್ರಾಣಿಯಿಂದ ಕಡೆಗಣಿಸಲ್ಪಡುವುದನ್ನು ಗೃಹಸ್ಥನು ಎಷ್ಟರಮಟ್ಟಿಗೆ ತಾಳಿಕೊಳ್ಳಬಲ್ಲ ಎಂಬುದೇ ಇಲ್ಲಿನ ಪ್ರಧಾನ ಕೂಟ.

ಯೆಮೆನ್ ಮತ್ತು ನೈಋತ್ಯ ಸೌದಿ ಅರೇಬಿಯಾದ ಯೆಮೆನ್ ಗೋಸುಂಬೆಯ ತಲೆಯ ಮೇಲೆ ಎತ್ತರದ ಕಿರೀಟವಿದೆ. ಇದು ಉಳಿದವುಗಳಿಗಿಂತ ಗಟ್ಟಿ ಜೀವವೆಂದೂ, ಹೊಸಬರಿಗೆ ತಕ್ಕದ್ದೆಂದೂ ಅಂಗಡಿಯವರು ಹೇಳುವುದು ಸುಳ್ಳಲ್ಲ. ದಾಸವಾಳದ ಎಲೆಯನ್ನೂ ಮೆಲ್ಲುತ್ತದೆಂದು ಕೇಳಿ ಸಸ್ಯಾಹಾರಿ ಗೃಹಸ್ಥನ ಮುಖ ಅರಳುತ್ತದೆ. ಅದು ಎಲೆಯ ಜೊತೆಗೆ ಹುಳು ತಿನ್ನುತ್ತದೆಯೇ ಹೊರತು ಹುಳುವಿನ ಬದಲಿಗಲ್ಲ ಎಂಬ ಮುಂದಿನ ವಾಕ್ಯವನ್ನು ಆತನಿಗೆ ಮೆಲ್ಲಗೆ ಹೇಳಬೇಕು. ಹೆಣ್ಣನ್ನು ತಂದರೆ, ಗಂಡಿನ ಸಂಗವೇ ಇಲ್ಲದಿದ್ದರೂ ಅದು ಒಂದು ಸಲಕ್ಕೆ ಹಲವು ಹತ್ತು ಬಂಜೆ ಮೊಟ್ಟೆಗಳನ್ನಿಡಬಲ್ಲದು. ಅಗೆಯಲು ಒದ್ದೆ ಮರಳಿನ ತೊಟ್ಟಿ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆ ಬರುತ್ತದೆ. ಒಂಟಿಯಾಗಿದ್ದರೆ ತೊಂದರೆಯಿಲ್ಲ ಎಂಬ ಸಾಮಾನ್ಯ ತರ್ಕ ಇಲ್ಲಿ ನಡೆಯದು.

ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆ ಕನ್ನಡಿಗರ ಸ್ವಭಾವಕ್ಕೆ ಹೆಚ್ಚು ಒಗ್ಗುತ್ತದೆ, ಏಕೆಂದರೆ ಇದನ್ನು ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ಮೂಲ ಯಾವ ಊರು ಎಂಬುದೇ. ಅಂಬಿಲೋಬೆಯ ಗಂಡಿಗೆ ನೀಲಿ, ಕೆಂಪು ಪಟ್ಟೆ. ನೋಸಿ ಬೆ ದ್ವೀಪದ್ದಕ್ಕೆ ಹಸಿರುನೀಲಿ ಮೈ. ಅಂಬಾಂಜಾದ್ದು ಬೇರೆಯೇ ಬೆಡಗಿನದು. ಊರಿಗೆ ತಕ್ಕ ಬಣ್ಣ, ಬಣ್ಣಕ್ಕೆ ತಕ್ಕ ಬೆಲೆ. ಹೆಣ್ಣುಗಳು ಮಾತ್ರ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯ ಮಾಸಲು ಬಣ್ಣದವಾಗಿ, ಊರು ಯಾವುದೆಂಬ ಪ್ರಶ್ನೆಯನ್ನು ನಿಷ್ಪ್ರಯೋಜಕಗೊಳಿಸುತ್ತವೆ.

ಕೀನ್ಯಾ, ಟಾಂಜಾನಿಯಾಗಳ ಎತ್ತರದ ಸೀಮೆಯ ಜಾಕ್ಸನ್ ಗೋಸುಂಬೆಯ ಗಂಡಿಗೆ ಮೂರು ಕೊಂಬುಗಳಿದ್ದು, ಹೆಣ್ಣು ಮೊಟ್ಟೆಯಿಡದೆ ಮರಿ ಹಾಕುತ್ತದೆ. ರಾತ್ರಿ ತಂಪು ಬೇಕೇಬೇಕೆನ್ನುವ ಇದನ್ನು, ಹೀಟರಿನ ಗುಂಡಿಗಾಗಿ ಗಂಡಹೆಂಡಿರ ನಡುವೆ ಈಗಾಗಲೇ ವ್ಯಾಜ್ಯವಿರುವ ಮನೆಗೆ ತರಬಾರದು. 1972ರಲ್ಲಿ ಹವಾಯಿಗೆ ತರಿಸಿದ್ದ ಇವುಗಳು ಬಳಲಿದ್ದನ್ನು ಕಂಡು ಅಂಗಡಿಯವನೊಬ್ಬ ಚೇತರಿಸಿಕೊಳ್ಳಲೆಂದು ಹಿತ್ತಿಲಲ್ಲಿ ಬಿಟ್ಟನಂತೆ. ಅವು ಎಷ್ಟು ಚೆನ್ನಾಗಿ ಚೇತರಿಸಿಕೊಂಡವೆಂದರೆ ಅವುಗಳ ಸಂತತಿ ಇಂದಿಗೂ ಆ ದ್ವೀಪಗಳನ್ನು ಬಿಟ್ಟಿಲ್ಲ. ಬಾಡಿಗೆಮನೆಯವರು ಮಡಗಾಸ್ಕರಿನ ಲಾಬೋರ್ಡ್ ಗೋಸುಂಬೆಯ ಬಗ್ಗೆ ವಿಚಾರಿಸುವುದುಂಟು. ಮೊಟ್ಟೆಯಿಂದ ಹೊರಬಂದ ನಾಲ್ಕೈದು ತಿಂಗಳಲ್ಲಿ ಆಯುಷ್ಯ ಮುಗಿಸುವ ಅದು ಹನ್ನೊಂದು ತಿಂಗಳ ಕರಾರಿನೊಳಗೆ ಧಾರಾಳವಾಗಿ ಹಿಡಿಸುತ್ತದೆಯಾದರೂ, ಅದಕ್ಕೆ ಮುಂಚಿನ ಎಂಟೊಂಬತ್ತು ತಿಂಗಳನ್ನು ಮೊಟ್ಟೆಯೊಳಗೇ ಕಳೆಯುವುದರಿಂದ ಮುಂಗಡ ಕೊಡುವ ದಿನವನ್ನು ಲೆಕ್ಕ ಹಾಕುವುದು ಕಷ್ಟ.

ಇನ್ನು ವಾಸ್ತು. ಬೆಳೆದ ಗಂಡಿಗೆ ಎರಡಡಿ ಉದ್ದ, ಎರಡಡಿ ಅಗಲ, ನಾಲ್ಕಡಿ ಎತ್ತರದ ಬಲೆಪಂಜರ ಬೇಕು. ಗಾಜಿನದಾದರೆ ತನ್ನ ಬಿಂಬವನ್ನೇ ಶತ್ರುವೆಂದು ಬಗೆದು ಕೆರಳಬಹುದು. ಕಾಯಿಸುವ ದೀಪದ ಜೊತೆಗೆ, ಎಲುಬು ಮೆತ್ತಗಾಗದಂತೆ ಡಿ3 ಜೀವಸತ್ವವನ್ನು ಮೈಯಲ್ಲೇ ಉತ್ಪಾದಿಸಿಕೊಳ್ಳಲು ನೇರಳಾತೀತ ದೀಪವೂ ಬೇಕು. ಅಗ್ನಿಗೆ ಆಗ್ನೇಯ, ಜಲಕ್ಕೆ ಈಶಾನ್ಯ ಎಂಬ ನಿಯಮವನ್ನು ನಾಲ್ಕು ಚದರಡಿಯೊಳಗೆ ಪಾಲಿಸುವುದು ಹೇಗೆಂದು ವಾಸ್ತುಪಂಡಿತರು ಚಿಂತಿಸಬೇಕು. ಮೇಲಿನಿಂದ ಯಾರಾದರೂ ಬಗ್ಗಿ ನೋಡಿದರೆ ಹದ್ದೆಂದು ಬೆದರುವ ಈ ಪ್ರಾಣಿಯ ಆಸನವು ಮನೆಯ ಯಜಮಾನನ ತಲೆಗಿಂತ ಎತ್ತರದಲ್ಲಿರತಕ್ಕದ್ದು. ಈ ಶ್ರೇಣೀಕರಣದ ಬಗ್ಗೆ ಅತ್ತೆಯವರ ಅಭಿಪ್ರಾಯವನ್ನು ಮೊದಲೇ ಪಡೆದಿರುವುದು ಕ್ಷೇಮ.

ಪ್ರಾಣಿಯನ್ನು ತರುವ ಮೊದಲೇ ಪಂಜರವನ್ನು ಸಜ್ಜುಗೊಳಿಸಿ, ದಾಸವಾಳ, ಮನಿಪ್ಲಾಂಟುಗಳನ್ನು ನೆಟ್ಟು, ದೀಪ ಮತ್ತು ಮಳೆಯನ್ನು ಕೆಲವು ವಾರ ನಡೆಸಿ ಉಷ್ಣತೆ, ತೇವಾಂಶಗಳನ್ನು ಸ್ಥಿರಗೊಳಿಸಬೇಕೆಂಬುದು ಬಲ್ಲವರ ವಿಧಿ. ಈ ಅವಧಿಯಲ್ಲಿ ಮನೆಗೆ ಬಂದ ಅತಿಥಿಗಳು ಖಾಲಿ ಪಂಜರದೊಳಗೆ ಬಹಳ ಹೊತ್ತು ಇಣುಕಿ, ಎಲೆಯ ಬಣ್ಣಕ್ಕೆ ಇಷ್ಟೊಂದು ಹೊಂದಿಕೊಂಡ ಪ್ರಾಣಿಯನ್ನು ತಾವು ಕಂಡೇ ಇಲ್ಲವೆಂದು ಮೆಚ್ಚಿಕೊಳ್ಳುವುದೂ, ಅವರಲ್ಲೊಬ್ಬರಿಗೆ ಬಾಲ ಕಾಣಿಸುವುದೂ ಸಂಭವನೀಯ. ಅಂಥ ಮನೆಗಳಲ್ಲಿ ಪ್ರಯೋಜನವು ಆಗಲೇ ಸಿದ್ಧಿಸಿರುವುದರಿಂದ ಪ್ರಭೇದದ ಆಯ್ಕೆಯನ್ನು ಮುಂದಕ್ಕೆ ಹಾಕಬಹುದು. ಚಿಮ್ಮಂಡೆಗಳ ಡಬ್ಬಿಯನ್ನು ತರಿಸುವ ಅಗತ್ಯವೂ ಇಲ್ಲ.