ಕರ್ನಲ್ ಕಟ್ಟುವವರ ಕೈಪಿಡಿ: ಸೊಕ್ಕೆ ಆವೃತ್ತಿ

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ಕೂತು ಹಳೇ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಕರ್ನಲ್ ಕಟ್ಟಹೊರಟವರಿಗೆ ಮಾತ್ರ ಈ ಕೈಪಿಡಿ. ಬೇಕಾಗುವ ಸಾಮಗ್ರಿ: ಕರ್ನಲ್ ಮೂಲ, ಜಿಸಿಸಿ ಕಂಪೈಲರ್, ಕೈಕೊಡದ ಬ್ಯಾಟರಿ. ನಡುವೆ ಕರೆಂಟು ಹೋದರೆ ಗಾಬರಿ ಬೇಡ. ಬಂದ ಮೇಲೆ ಇನ್ನೊಮ್ಮೆ ‘ಮೇಕ್’ ಎನ್ನಿ, ಆದಷ್ಟು ಕೆಲಸ ಆದಂತೆಯೇ ಇರುತ್ತದೆ.

ಮೊದಲು ಇನ್‌ಲೈನ್ ಏನೆಂದು ತಿಳಿಯಿರಿ. ಬೇಕಾದಾಗಲೆಲ್ಲ ಪಕ್ಕದ ಮನೆಗೆ ಹೋಗಿ ಎಡೆಕುಂಟೆ ತರುವುದು ಫಂಕ್ಷನ್ ಕರೆ. ಹೊಲಕ್ಕೊಂದು ಎಡೆಕುಂಟೆ ಇಟ್ಟುಬಿಡುವುದು ಇನ್‌ಲೈನ್. ಓಡಾಟ ತಪ್ಪುತ್ತದೆ, ಗಂಟು ಕರಗುತ್ತದೆ. ಯಾವ ಹೊಲಕ್ಕೆ ಇಡಬೇಕೆಂದು ತೀರ್ಮಾನಿಸುವುದು ಕಂಪೈಲರ್. ನೀವು ಬರೆಯುವ ‘ಇನ್‌ಲೈನ್’ ಬರೀ ಅರ್ಜಿ.

ಆಪ್ಟಿಮೈಸೇಶನ್ ಮಟ್ಟ ಓ2 ಎಂದಿರುತ್ತದೆ. ಮುಟ್ಟಬೇಡಿ. ಮುಟ್ಟಿಯೇ ತೀರುವೆನೆಂದರೆ ಮುಂದೆ ಓದಿ.

ಡಿಬಗ್ ಸಲೀಸಾಗಲಿ ಎಂದು ಓ0 ಹಾಕಿದರೆ ಕರ್ನಲ್ ಕಟ್ಟಿಕೊಳ್ಳುವುದೇ ಇಲ್ಲ. ಎಂದೂ ನಡೆಯದ ಕವಲುಗಳನ್ನು ಕಂಪೈಲರ್ ಅಳಿಸಿಯೇ ಅಳಿಸುತ್ತದೆ ಎಂಬ ಧೈರ್ಯದ ಮೇಲೆ ಬರೆದ ಕೋಡ್ ಅದು. ಅಳಿಸದಿದ್ದರೆ, ಎಲ್ಲೂ ಬರೆದೇ ಇರದ ಫಂಕ್ಷನ್ನನ್ನು ಲಿಂಕರ್ ಹುಡುಕುತ್ತ ಕೂರುತ್ತದೆ.

ಜಾಗ ಉಳಿಸುವ ಓ-ಎಸ್‌ನಲ್ಲಿ ಕಂಪೈಲರ್ ಮಹಾ ಜಿಪುಣ. ಕೆಲವೊಮ್ಮೆ ಎರಡು ಸಾಲಿನ ಫಂಕ್ಷನ್ನಿಗೂ ಕರೆ ಕಳಿಸುತ್ತದೆ. ತಮಾಷೆಯೆಂದರೆ, ಕೋಡಿನೊಳಗಿನ ಅಸೆಂಬ್ಲಿ ತುಣುಕಿನ ತೂಕವನ್ನು ಜಿಸಿಸಿ ಅಳೆಯುವುದು ಸಾಲು ಎಣಿಸಿ! ಒಂದೇ ಸೂಚನೆ ಹುಟ್ಟಿಸುವ ತುಣುಕೂ ಹತ್ತು ಸಾಲಿದ್ದರೆ ಭಾರವೆಂದು ಅದಿರುವ ಫಂಕ್ಷನ್ನನ್ನೇ ಹೊರಗಿಟ್ಟುಬಿಡುತ್ತಿತ್ತು. ಇದಕ್ಕೆಂದೇ 2019ರ ಜಿಸಿಸಿ 9ರಲ್ಲಿ ‘ಏಎಸ್‌ಎಂ ಇನ್‌ಲೈನ್’ ಬಂತು.

ಓ3 ಉದಾರಿ. ಒಳಗೆ ಸೇರಿದ ಫಂಕ್ಷನ್ನುಗಳ ಸ್ಥಳೀಯ ವೇರಿಯಬಲ್‌ಗಳೆಲ್ಲ ಒಂದೇ ಸ್ಟ್ಯಾಕ್ ಚೌಕಟ್ಟಿಗೆ ಬರಬಹುದು; 64 ಬಿಟ್ ಎಕ್ಸ್86ರಲ್ಲಿ ಕರ್ನಲ್ ಸ್ಟ್ಯಾಕ್ ಇರುವುದೇ 16 ಕಿಲೋಬೈಟ್. ಓ3 ಆಯ್ಕೆಯನ್ನು 2022ರಲ್ಲಿ ಕರ್ನಲ್ ಸಂರಚನೆಯಿಂದಲೇ ತೆಗೆದರು. ಒಳ್ಳೆಯದೇ ಆಯಿತು.

ಇನ್ನು ದೋಷ ಪತ್ತೆ. ಓಡುತ್ತಿರುವ ಕರ್ನಲ್‌ನ ಫಂಕ್ಷನ್ನಿಗೆ ಕೊಕ್ಕೆ ಹಾಕುವ ಕೆಪ್ರೋಬ್ಸ್ 2004ರಲ್ಲಿ ಲಿನಕ್ಸ್‌ಗೆ ಬಂತು. ಅನಂತ್ ಮಾವಿನಕಾಯನಹಳ್ಳಿ, ಪ್ರಸನ್ನ ಪಂಚಮುಖಿ ಅದರ ಮೇಲೆ ದುಡಿದವರು. ಅದರ ದಾಖಲೆಯಲ್ಲೇ ಎಚ್ಚರಿಕೆಯಿದೆ: ಇನ್‌ಲೈನ್ ಆದ ಪ್ರತಿಗಳ ಬೆನ್ನು ಹತ್ತಿ ಅದು ಹೋಗುವುದಿಲ್ಲ. ಆದ್ದರಿಂದ ಕೊಕ್ಕೆಗೆ ಏನೂ ಸಿಗದಿದ್ದರೆ ಕೊಕ್ಕೆಯನ್ನು ಬೈಯಬೇಡಿ. ‘ಪ್ರಾಕ್ ಕಾಲ್‌ಸಿಮ್ಸ್’ ಕಡತದಲ್ಲಿ ಫಂಕ್ಷನ್ನಿನ ಹೆಸರು ಹುಡುಕಿ. ಹೆಸರೇ ಇಲ್ಲವೆಂದರೆ ಅದು ಪೂರ್ತಿ ಒಳಗೆ ಕರಗಿರಬಹುದು. ಹೆಸರಿನ ಬಾಲಕ್ಕೆ ‘.ಪಾರ್ಟ್.0’ ಅಂಟಿದ್ದರೆ ಅರ್ಧ ಒಳಗೆ, ಅರ್ಧ ಹೊರಗೆ.

‘ನೋಇನ್‌ಲೈನ್’ ಬರೆದು ಮತ್ತೆ ಕಟ್ಟಬಹುದು. ಆದರೆ ಆಗ ನೀವು ನೋಡುವುದು ತೊಂದರೆ ಕೊಟ್ಟ ಕರ್ನಲ್ಲನ್ನಲ್ಲ, ಅದರ ತಮ್ಮನನ್ನು. ಡಿಬಗ್ ಮಾಹಿತಿ ಸೇರಿಸಿ ಓ2ನಲ್ಲೇ ಕಟ್ಟುವುದು ಮೇಲು; ‘ಪರ್ಫ್ ಪ್ರೋಬ್’ ಆ ಮಾಹಿತಿ ಓದಿ, ಫಂಕ್ಷನ್ ಕರಗಿದ ಜಾಗಗಳನ್ನು ತಾನೇ ಹುಡುಕಿಕೊಳ್ಳುತ್ತದೆ. ಇದಕ್ಕೆ ಹಲವು ಗಿಗಾಬೈಟ್ ಜಾಗ ಬೇಕು. ಅಕ್ಕನ ಮದುವೆ ವಿಡಿಯೊಗಳನ್ನು ಮೊದಲೇ ಬೇರೆ ಡಿಸ್ಕಿಗೆ ಸಾಗಿಸಿಕೊಳ್ಳಿ.