ಕಸಿವಿಸಿ ಮೀಮಾಂಸೆ: ನಾಲ್ಕು ತಾಲ್ಲೂಕು, ಒಂದು ಹಂಚು

ಕತೆ ಕೇಳಿದವರ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುವ ಸ್ಥಿತಿಗೆ ಪ್ರಸ್ತುತ ಪ್ರಬಂಧದಲ್ಲಿ ‘ಕಸಿವಿಸಿ’ ಎಂಬ ಪಾರಿಭಾಷಿಕ ಪದವನ್ನು ಬಳಸಲಾಗಿದೆ. ಭರತಮುನಿ ಎಂಟು ರಸಗಳನ್ನು ಹೇಳಿದ. ಭಯಾನಕಕ್ಕೂ ಬೀಭತ್ಸಕ್ಕೂ ಪೀಠ ಕೊಟ್ಟು ಕಸಿವಿಸಿಯನ್ನು ಮಾತ್ರ ಹೊಸ್ತಿಲಾಚೆ ನಿಲ್ಲಿಸಿದ. ಆತ ಇಂಡಿ ತಾಲ್ಲೂಕಿನ ಕಡೆ ಬಂದಿರಲಿಲ್ಲವೆಂದು ಇದರಿಂದ ಸಿದ್ಧವಾಗುತ್ತದೆ.

ಪೂರ್ವಪಕ್ಷ ಹೀಗಿದೆ: ರಕ್ತ ಹೆಚ್ಚಿದಷ್ಟೂ ಕಸಿವಿಸಿ ಹೆಚ್ಚು. ಈ ವಾದ ಭೀಮೆಯ ದಂಡೆಯಲ್ಲೇ ಮುಳುಗುತ್ತದೆ. ಪತ್ರಿಕೆಯಲ್ಲಿ ‘ಭೀಮಾ ತೀರ’ ಎಂದು ಕಂಡರೆ ಮುಂದಿನ ಪದ ‘ಹಂತಕರು’ ಎಂದು ಮಕ್ಕಳೂ ಹೇಳುತ್ತಾರೆ. 2012ರಲ್ಲಿ ‘ಭೀಮಾ ತೀರದಲ್ಲಿ’ ಎಂಬ ಸಿನಿಮಾವೇ ಬಂತು. ಜನ ಸಿಳ್ಳೆ ಹೊಡೆದು ನೋಡಿದರು. ‘ಸಂಗ್ಯಾ ಬಾಳ್ಯಾ’ ಆಟದಲ್ಲಿ ಜೀವದ ಗೆಳೆಯನೇ ಗೆಳೆಯನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ. ಮಂದಿ ಚೂಡಾ ಮೆಲ್ಲುತ್ತ ಬೆಳಗಿನ ತನಕ ಕೂತು, ಮರುವರ್ಷವೂ ಅದನ್ನೇ ಆಡಿಸುತ್ತಾರೆ.

ಇದಕ್ಕಿಂತ ತೊಡಕಿನ ಸಾಕ್ಷ್ಯ ಹಲಸಂಗಿಯದು. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಆ ಊರಿನ ಮಧುರಚೆನ್ನರ ಗೆಳೆಯರ ಗುಂಪು ಕೂಡಿಹಾಕಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕೂತು ತಲೆತಲಾಂತರದಿಂದ ಇಳಿಸಿಕೊಂಡ ಭಾರ ಅದು. ಆದರೆ ಪಡಸಾಲೆಯಲ್ಲಿ ಮಲಗಿದ್ದ ಗಂಡಸರಿಗೆ ಕಸಿವಿಸಿಯಾದ ಕುರುಹು ಎಲ್ಲೂ ಇಲ್ಲ. ಕಲ್ಲಿನ ಸದ್ದಿನಲ್ಲಿ ಪದ ಕೇಳಿಸಿರಲಿಕ್ಕಿಲ್ಲ. ಕೇಳಿಸಿದ್ದರೂ ಅವರಿಗೆ ಬೇಕಾಗಿದ್ದದ್ದು ಹಿಟ್ಟು.

ಸಿದ್ಧಾಂತಕ್ಕೆ ಆಧಾರ ರಾಘವೇಂದ್ರ ಖಾಸನೀಸರು. 1933ರಲ್ಲಿ ಇಂಡಿಯಲ್ಲಿ ಹುಟ್ಟಿದವರು, ಬೆಂಗಳೂರಿನಲ್ಲಿ ಗ್ರಂಥಪಾಲಕರಾಗಿದ್ದವರು, ಬರೆದದ್ದು ಕೆಲವೇ ಕತೆ. (ದಿನವಿಡೀ ಪುಸ್ತಕಗಳ ನಡುವೆ ಇದ್ದವರು ಕಡಿಮೆ ಬರೆಯುವುದೂ ಪುಸ್ತಕದ ಹತ್ತಿರ ಸುಳಿಯದವರು ಹೆಚ್ಚು ಬರೆಯುವುದೂ ಬೇರೊಂದು ಪ್ರಬಂಧದ ವಸ್ತು.) ಅವರ ‘ತಬ್ಬಲಿಗಳು’ ಕತೆಗೆ ಮಚ್ಚು ಬೇಕಾಗಿಲ್ಲ. ಒಂದು ಮನೆ, ಅದರ ಮಂದಿ, ಅಷ್ಟೇ. ಗೋಡೆ ಬೀಳದೆಯೇ ಮನೆ ಬೀಳುತ್ತದೆ. ಕೊಲೆಗಾರನೊಬ್ಬ ಇದ್ದರೆ ಓದುಗ ಅವನತ್ತ ಬೆರಳು ತೋರಿಸಿ ಹಗುರಾಗುತ್ತಾನೆ. ಖಾಸನೀಸರು ಆ ಬೆರಳಿಗೆ ಕೆಲಸವನ್ನೇ ಕೊಡುವುದಿಲ್ಲ.

ಇನ್ನು ಕ್ಷೇತ್ರಕಾರ್ಯ: ಈ ಕತೆಯನ್ನು ಓದಿ ಕೇಳಿಸುವುದು. ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಕತೆಯ ಅರ್ಧ ಕೇಳಿದವರೊಬ್ಬರು, “ಪೊಲೀಸರು ಯಾವಾಗ ಬರ್ತಾರ್ರಿ?” ಎಂದರು. ಬರುವುದಿಲ್ಲವೆಂದಾಗ ತಾವೇ ಎದ್ದು ಹೋದರು. ಮುದ್ದೇಬಿಹಾಳದ ಚಹಾದಂಗಡಿಯಲ್ಲಿ:

“ಮುಂದ?”

“ಮುಂದ ಏನಿಲ್ರಿ. ಮುಗೀತು.”

“ಹಂಗಾರ ಪುಸ್ತಕದ ಅರ್ಧಾ ರೊಕ್ಕಾ ವಾಪಸ್ ಇಸ್ಕೋರಿ.”

ಬಸವನ ಬಾಗೇವಾಡಿಯಲ್ಲಿ ಸಿಕ್ಕ ಹಿರಿಯರು ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರು. ಕಣ್ಣು ಮುಚ್ಚಿ ಪೂರಾ ಕೇಳಿದರು. “ಮನಿ ಹೋಗೂದು ಇಷ್ಟ ಸಾವಕಾಶ ಇರತೈತೇನ್ರಿ? ನಮಗ ನೋಟೀಸ್ ಕೊಟ್ಟಿದ್ರು.” ಈ ದತ್ತಾಂಶವನ್ನು ಯಾವ ಕೋಷ್ಟಕಕ್ಕೆ ಸೇರಿಸಬೇಕೋ ತಿಳಿಯದೆ ಕೈಬಿಡಲಾಗಿದೆ.

ನಿಖರ ಮಾಪನ ಸಾಧ್ಯವಾದದ್ದು ಇಂಡಿಯಲ್ಲಿ, ನಮ್ಮ ಸೋದರತ್ತೆಯ ಅಡುಗೆಮನೆಯಲ್ಲಿ. ಉಪಕರಣ: ಬಿಳಿಜೋಳದ ರೊಟ್ಟಿ. ಮೊದಲು ಭೀಮೆಯ ದಂಡೆಯ ಎರಡು ಕೊಲೆಯ ಸುದ್ದಿ ಓದಿದೆ. ಅತ್ತೆ ಹಿಟ್ಟು ನಾದಿ, ಟಪಟಪ ಬಡಿದು, ಹಂಚಿಗೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿದರು. ರೊಟ್ಟಿ ಪುಗ್ಗೆಯಂತೆ ಉಬ್ಬಿತು. “ಅವರಿಗಿ ಹಂಗಽ ಆಗಬೇಕಿತ್ತು” ಎಂದು ಇನ್ನೊಂದು ಬಡಿದರು. ಕಸಿವಿಸಿ ಶೂನ್ಯ.

ಆಮೇಲೆ ‘ತಬ್ಬಲಿಗಳು’ ತೆಗೆದೆ. ಎರಡನೆಯ ಪುಟಕ್ಕೆ ಬಡಿಯುವ ಸದ್ದು ತಡವಾಯಿತು. ನಾಲ್ಕನೆಯದಕ್ಕೆ ನಿಂತಿತು. ಒದ್ದೆ ಅರಿವೆ ಕೈಯಲ್ಲೇ ಉಳಿದು, ಅದರ ನೀರು ತೊಟ್ಟಿಕ್ಕಿ ಸೀರೆಯ ನೆರಿಗೆ ನೆನೆಯಿತು. ಹಂಚಿನ ಮೇಲಿನ ರೊಟ್ಟಿ ಅಂಚಿನಿಂದ ಕಪ್ಪಾಗುತ್ತ ನಡುವಿಗೆ ಬಂತು, ಹೊಗೆ ಎದ್ದಿತು. ಅತ್ತೆ ಬಾಗಿಲ ಕಡೆ ನೋಡುತ್ತಿದ್ದರು. ಪುಣೆಗೆ ದುಡಿಯಲು ಹೋದ ಮಗನ ಫೋನು ಬಾರದೆ ಎಷ್ಟು ದಿನವಾಯಿತೆಂದು ಕೇಳುವ ಧೈರ್ಯ ಸಂಶೋಧಕನಿಗೆ ಆಗಲಿಲ್ಲ.

ಸುಟ್ಟ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿ, ಮೇಲೆ ಶೇಂಗಾ ಹಿಂಡಿ ಇಟ್ಟರು.

“ಯಪ್ಪಾ, ಇನ್ನೊಮ್ಮಿ ಇಂಥಾದ್ದು ಓದಾಂವ ಇದ್ರ ಮೊದ್ಲ ಹೇಳು. ಒಲಿ ಆರಿಸಿ ಕುಂದರತೀನಿ.”