ದಡಾರ ಉರ್ಫ್ ಗೊಬ್ಬರ ಇವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ದಡಾರದವರಿಗೆ,

ದವಾಖಾನೆ ಕಾಗದದಲ್ಲಿ ನಿಮ್ಮ ಹೆಸರು ಹೀಗಿದೆ. ನಮ್ಮ ಆಯಿಗಳ ಬಾಯಲ್ಲಿ ನೀವು ಗೊಬ್ಬರ. ಮೂಡಲಗಿ ತಾಲ್ಲೂಕಿನ ಮಸಗುಪ್ಪಿಯಿಂದ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮವನ್ನೇನೂ ನಾನು ಬಯಸುವುದಿಲ್ಲ. ಆದರೂ ಲಸಿಕೆ ಬೇಡವೆನ್ನುತ್ತ, ಒಂದು ರೂಪಾಯಿ ಫೀ ಇಲ್ಲದೆ ನಿಮ್ಮ ಪರ ವಕಾಲತ್ತು ವಹಿಸಿರುವವರ ಸುದ್ದಿಯನ್ನು ನಿಮಗೆ ತಿಳಿಸದಿದ್ದರೆ ತಪ್ಪಾದೀತು.

ಗುರುವಾರ ಅಂಗನವಾಡಿಯಲ್ಲಿ ನಿಮ್ಮ ವೈರಿಯಾದ ಸೂಜಿಯ ಪಾಟಿಸವಾಲು ನಡೆಯುತ್ತದೆ. ಒಂಬತ್ತು ತಿಂಗಳ ಕೂಸನ್ನು ಬಗಲಲ್ಲಿ ಇಟ್ಟುಕೊಂಡ ತಾಯಿ ಕೇಳುತ್ತಾಳೆ: “ಸೂಜಿ ಮಾಡ್ಸಿದ್ರ ಜ್ವರಾ ಬರ್ತಾವೇನ್ರಿ ಅಕ್ಕಾರ?” ಆಶಾ ಅಕ್ಕ ಸುಳ್ಳು ಹೇಳುವುದಿಲ್ಲ. “ಬರಬಹುದವ್ವಾ, ಒಂದೆಂಟು ದಿನದ ಮ್ಯಾಲ. ಬಂದ್ರ ಫೋನ್ ಹಚ್ಚು.” ನೂರು ಕೂಸುಗಳಲ್ಲಿ ಐದರಿಂದ ಹದಿನೈದಕ್ಕೆ ಹಾಗೆ ಜ್ವರ ಬರುತ್ತದೆ. ಮೂರ್ನಾಲ್ಕು ಸಾವಿರಕ್ಕೊಂದು ಕೂಸಿಗೆ ಆ ಜ್ವರದಲ್ಲಿ ಫಿಟ್ಸ್ ಬರಬಹುದು. ತೀವ್ರ ಅಲರ್ಜಿ ಹತ್ತು ಲಕ್ಷಕ್ಕೆ ಒಂದರ ಆಸುಪಾಸು, ಅದಕ್ಕೆಂದೇ ಸೂಜಿ ಮಾಡಿದ ಮೇಲೆ ಅರ್ಧ ತಾಸು ಕೂರಿಸಿಕೊಳ್ಳುತ್ತಾರೆ. ಸೂಜಿ ಇಷ್ಟನ್ನೂ ತಾನೇ ಒಪ್ಪಿಕೊಂಡಿದೆ, ಪಾಪ.

ನಿಮ್ಮನ್ನು ಯಾರು ಕೇಳಿದ್ದಾರೆ? ನೀವು ಒಂದು ಮನೆ ಹೊಕ್ಕರೆ, ರಕ್ಷಣೆಯಿಲ್ಲದ ಮಂದಿಯಲ್ಲಿ ಒಬ್ಬರಿಂದ ಹನ್ನೆರಡರಿಂದ ಹದಿನೆಂಟು ಜನಕ್ಕೆ ಹಬ್ಬುತ್ತೀರಿ. ಕೆಮ್ಮಿದವರು ಎದ್ದು ಹೋದ ಮೇಲೂ ಎರಡು ತಾಸು ಆ ಕೋಣೆಯ ಗಾಳಿಯಲ್ಲೇ ಕಾದಿರುತ್ತೀರಿ. ನ್ಯುಮೋನಿಯಾ, ಭೇದಿ, ಹೋದ ಕಣ್ಣು, ಸಾವಿರಕ್ಕೊಬ್ಬರಿಗೆ ಮಿದುಳಿನ ಉರಿಯೂತ, ಎಲ್ಲವೂ ನಿಮ್ಮ ಲೆಕ್ಕದಲ್ಲಿವೆ. ಬೇರೆ ರೋಗಗಳ ವಿರುದ್ಧ ಮಗುವಿನ ಮೈ ಕಲಿತಿಟ್ಟುಕೊಂಡಿದ್ದನ್ನೂ ಅಳಿಸಿ ಹೋಗುತ್ತೀರಿ. 1963ರಲ್ಲಿ ಲಸಿಕೆ ಬರುವ ಮುಂಚೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನರನ್ನು ಒಯ್ಯುತ್ತಿದ್ದಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಂದು ತನಿಖಾ ಸಮಿತಿಯಿಲ್ಲ, ಒಂದು ಅಮಾನತಿಲ್ಲ. “ತಾಯಿ ಬಂದಿದ್ಲು, ಒಯ್ದಳು” ಎಂದು ಕೈಮುಗಿದು, ಬೇವಿನ ಎಲೆ ಹಾಸಿ ಕಳಿಸಿಕೊಟ್ಟೆವು.

ಇದನ್ನು ಹೇಳಿದರೆ ನಿಮ್ಮ ವಕೀಲರು ಕೂಡಲೇ “ರಾಮದುರ್ಗ” ಎನ್ನುತ್ತಾರೆ. ಎನ್ನಲೇಬೇಕು. 2022ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಸೂಜಿ ಮಾಡಿಸಿಕೊಂಡ ಮೂರು ಕೂಸುಗಳು ತೀರಿಹೋದವು. ಇಲ್ಲಿ ನನಗೆ ವ್ಯಂಗ್ಯ ಬರುವುದಿಲ್ಲ. ಲಸಿಕೆಯ ಸೀಸೆಗಳನ್ನು ಇಡಬೇಕಾದಲ್ಲಿ ಇಟ್ಟಿರಲಿಲ್ಲ, ಹೋಟೆಲೊಂದರ ಫ್ರಿಜ್ಜಿನಲ್ಲಿ ಇಟ್ಟಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಸಿಬ್ಬಂದಿ ಅಮಾನತಾದರು. ಈ ಲಸಿಕೆ ಪುಡಿಯಾಗಿ ಬರುತ್ತದೆ. ನೀರು ಬೆರೆಸಿದ ಮೇಲೆ ಅದರಲ್ಲಿ ಕೆಡದಂತೆ ಕಾಯುವ ಮದ್ದಿರುವುದಿಲ್ಲ. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿಟ್ಟು ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಚೆಲ್ಲದೆ ಮರುದಿನಕ್ಕೆ ಎತ್ತಿಟ್ಟರೆ ರೋಗಾಣು ಬೆಳೆದು ಅದೇ ಸೀಸೆ ವಿಷವಾಗಬಲ್ಲದು. ಆ ತಾಯಂದಿರಿಗೆ ಅಂಕಿಸಂಖ್ಯೆ ಓದಿ ಹೇಳುವ ಧೈರ್ಯ ನನಗಿಲ್ಲ. ಆದರೆ ಆ ಮೂರು ಸಾವಿಗೆ ಎಲ್ಲ ಕಡೆಯಿಂದ ಪ್ರಶ್ನೆ ಬಂತು, ಉತ್ತರ ಹೇಳಬೇಕಾದವರು ಸಿಕ್ಕರು. ನೀವು ಒಯ್ದವರಿಗೆ ಅಷ್ಟೂ ದಕ್ಕಲಿಲ್ಲ.

ನಿಮ್ಮ ವಕೀಲರು ದಡ್ಡರೇನಲ್ಲ. ಕಬ್ಬು ಬೆಳೆಯುವವರು ಅವರು. ತುಂಬಿದ ಟ್ರ್ಯಾಕ್ಟರ್ ಒಮ್ಮೆ, ಖಾಲಿಯಾದದ್ದು ಇನ್ನೊಮ್ಮೆ ಫ್ಯಾಕ್ಟರಿಯ ಕಾಟಾ ಹತ್ತದೆ ಕಬ್ಬಿನ ತೂಕ ಸಿಗುವುದಿಲ್ಲವೆಂದು ಬಲ್ಲರು. ಕಾಟಾದಲ್ಲಿ ಕಿಲೋ ಹೆಚ್ಚುಕಡಿಮೆಯಾದರೆ ರಸ್ತೆಗೆ ಇಳಿಯುವವರು. ಸೂಜಿಯ ವಿಷಯಕ್ಕೆ ಬಂದಾಗ ಮಾತ್ರ ಅದರ ಅಪಾಯವನ್ನು ಒಮ್ಮೆ ತೂಗಿ, ನಿಮ್ಮದನ್ನು ತೂಗದೆಯೇ ಚೀಟಿ ಹರಿಯುತ್ತಾರೆ. 2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನವರಿಗೆಲ್ಲ ದಡಾರ-ರುಬೆಲ್ಲಾ ಅಭಿಯಾನ ಶುರುವಾದಾಗ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ದೊರೆತ ಬೆಂಬಲ ಯಾವ ಶಾಸಕನಿಗೂ ದೊರೆತಿರಲಿಕ್ಕಿಲ್ಲ.

ತೂಕ ಬದಲಾಗುವುದೇ ಇಲ್ಲ ಎನ್ನುತ್ತಿಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಇದೆ. ನಿಮ್ಮ ಹಿರಿಯಣ್ಣ ಸಿಡುಬಿನವರ ವಿರುದ್ಧ ಅಲ್ಲಿ ಲಸಿಕೆ ತಯಾರಾಗುತ್ತಿತ್ತು. ಈಗ ಅದರ ಮೈದಾನದಲ್ಲಿ ಮಂದಿ ಸಕ್ಕರೆ ಕಾಯಿಲೆ ಇಳಿಸಲು ವಾಕಿಂಗ್ ಮಾಡುತ್ತಾರೆ. ಸಿಡುಬು ಹೋಯಿತು, ಅದರ ಲಸಿಕೆಗೂ ಅಡ್ಡಪರಿಣಾಮವಿತ್ತು, ಹಾಗಾಗಿ ನಿಲ್ಲಿಸಿದರು. ಪೋಲಿಯೋ ಹನಿಯಿಂದಲೇ ಲಕ್ಷಗಟ್ಟಲೆ ಮಕ್ಕಳಲ್ಲಿ ಒಂದಕ್ಕೆ ಲಕ್ವ ಹೊಡೆಯುವ ಸಾಧ್ಯತೆಯಿತ್ತು. ಹನಿಯಿಂದಲ್ಲದ, ಸಹಜ ಪೋಲಿಯೋ ವೈರಸ್ಸಿನ ಪ್ರಕರಣಗಳಲ್ಲಿ 2011ರ ಜನವರಿಯ ಹೌರಾದ್ದೇ ದೇಶದಲ್ಲಿ ಕೊನೆಯದಾಯಿತು. ಅನಂತರ ಪೋಲಿಯೋ ಸೂಜಿಯನ್ನು ಸೇರಿಸಿದರು, 2016ರ ಏಪ್ರಿಲ್‌ನಲ್ಲಿ ಹನಿಯಿಂದ ಎರಡನೇ ತಳಿಯ ವೈರಸ್ ತೆಗೆದರು. ರೋಗದ ಗಾಡಿ ಖಾಲಿಯಾದಂತೆ ಸೂಜಿಯನ್ನು ಮತ್ತೆ ತೂಗಿದವರು ಡಾಕ್ಟರರೇ. ನೀವಿನ್ನೂ ಖಾಲಿಯಾಗಿಲ್ಲ. ಹಂಗಾಮಿನಲ್ಲಿ ಮಹಾರಾಷ್ಟ್ರದಿಂದ ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಜೋಪಡಿಗಳಲ್ಲಿ, ತಾಯಿ ಕಾರ್ಡು ಊರಲ್ಲೇ ಬಿಟ್ಟು ಬಂದ ಕೂಸುಗಳ ನಡುವೆ, ನಿಮಗೆ ಜಾಗ ಉಂಟು.

ಹಾಗಾಗಿ ಕೋರಿಕೆ ಇಷ್ಟೇ: ಸೂಜಿಗಿರುವ ನಿಯಮ ನಿಮಗೂ ಇರಲಿ. ಬರುವ ಮುಂಚೆ ಆಶಾ ಅಕ್ಕನ ಕೈಲಿ ದಿನ ತಿಳಿಸಿ. ಕಾರ್ಡಿನಲ್ಲಿ ಬ್ಯಾಚ್ ನಂಬರ್ ಬರೆಸಿ. ಕೂಸಿಗೆ ಏನಾದರೂ ಆದರೆ ಯಾರಿಗೆ ಫೋನ್ ಹಚ್ಚಬೇಕೆಂದು ನಂಬರ್ ಕೊಡಿ. ಗುರುವಾರ ಬಿಟ್ಟು ಬೇರೆ ದಿನ ಬರಬೇಡಿ. ಇಷ್ಟಕ್ಕೆ ಸಹಿ ಹಾಕಿ ಕಳಿಸಿದರೆ, ನಿಮ್ಮ ವಕೀಲರ ಜೊತೆ ಮುಂದಿನ ಮಾತು.

ಇಂತಿ ತಮ್ಮ ಅವಿಧೇಯ,
ಮಸಗುಪ್ಪಿಯವ